ಆಪರೇಷನ್ ಮುಗಿದ ಮೇಲಿನ ಆರು ವಾರ

(ಸಂಘದ ವೈದ್ಯಕೀಯ ನೆರವು ನಿಧಿಯ ಸದಸ್ಯರು ಹಾಗೂ ದಾನಿಗಳಿಗಾಗಿ ಮಂಗಳಗಿರಿಯಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗಳಿಗೆ ಡಾಕ್ಟರನ್ನು ಕರೆಯುವುದು ರೂಢಿ. ಈ ಸಲ ಸಮಿತಿಯವರು ಪ್ಲಾಸ್ಟರ್ ಕೋಣೆಯವನನ್ನು ಕರೆದಿದ್ದಾರೆ. ನಾನು ಬಳ್ಳಾರಿ ಕಡೆಯವನು. ಈ ಸೀಮೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಸರ್ಜನ್ ಗಾಯ ಹೊಲಿದು ಮುಗಿಸಿದ ಮೇಲೆ ನನ್ನ ಕೆಲಸ ಶುರುವಾಗುತ್ತದೆ. ಕಟ್ಟು ಹಾಕುವುದು, ಅದನ್ನು ಕಾಯುವುದು, ಸಮಯ ಬಂದಾಗ ಬಿಚ್ಚುವುದು, ಇಷ್ಟೇ ನನ್ನ ವಿದ್ಯೆ. ತೆಲುಗಿನಲ್ಲಿ ಇದಕ್ಕೆ ‘ಪಿಂಡಿಕಟ್ಟು’ ಎನ್ನುತ್ತಾರೆ, ಅಂದರೆ ಹಿಟ್ಟಿನ ಕಟ್ಟು. ನಮ್ಮ ಕಡೆ ಸಿಮೆಂಟ್ ಪಟ್ಟಿ ಅನ್ನುವವರೂ ಇದ್ದಾರೆ. ಅದು ಹಿಟ್ಟೂ ಅಲ್ಲ, ಸಿಮೆಂಟೂ ಅಲ್ಲ. ಆ ಮಾತು ಆಮೇಲೆ ಬರುತ್ತದೆ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನಿಧಿಯ ಅರ್ಜಿಯಲ್ಲಿ ‘ಶಸ್ತ್ರಚಿಕಿತ್ಸೆಯ ಅಂದಾಜು ವೆಚ್ಚ’ ಎಂಬ ಒಂದು ಕಾಲಂ ಇದೆ. ಆಸ್ಪತ್ರೆಯ ಚೀಟಿ ನೋಡಿ ಆ ಕಾಲಂ ತುಂಬುತ್ತೇವೆ, ಹಣ ಕೊಡುತ್ತೇವೆ, ಕಡತ ಮುಚ್ಚುತ್ತೇವೆ. ಎಷ್ಟೋ ಕಾಯಿಲೆಗಳಿಗೆ ಅಷ್ಟು ಸಾಕು. ಆದರೆ ಎಳೆಯ ಮಕ್ಕಳ ಭುಜದ ಆಪರೇಷನ್ನಿಗೆ ಸಾಲದು. ಅಲ್ಲಿ ಆಪರೇಷನ್ ಎರಡು ಮೂರು ಗಂಟೆಯ ಕೆಲಸ, ಕಟ್ಟು ಆರು ವಾರದ ಕೆಲಸ, ಆಮೇಲಿನ ವ್ಯಾಯಾಮ ಹಲವು ತಿಂಗಳ ಕೆಲಸ. ಮಗುವಿಗೆ ಕೈ ಬರುವುದು ಈ ಮೂರೂ ಸೇರಿದಾಗ. ಮೊದಲನೆಯದಕ್ಕೆ ಹಣ ಕೊಟ್ಟು ಉಳಿದೆರಡನ್ನು ಬಿಟ್ಟರೆ, ಕೊಟ್ಟದ್ದೂ ನೀರಿನಲ್ಲಿ ಹೋಮ ಮಾಡಿದಂತೆ ಆಗುತ್ತದೆ.

ಚಿಕ್ಕ ಮಕ್ಕಳಿಗೆ ಭುಜದ ಆಪರೇಷನ್ ಯಾಕೆ ಬೇಕಾಗುತ್ತದೆ ಎಂದು ನೀವು ಕೇಳಬಹುದು. ಬಿದ್ದು ಎಲುಬು ಮುರಿದರೆ ಮಕ್ಕಳಿಗೆ ಬಹುಪಾಲು ಕಟ್ಟಿನಲ್ಲೇ ಕೂಡಿಕೊಳ್ಳುತ್ತದೆ. ಭುಜಕ್ಕೆ ಕತ್ತಿ ತಾಕಿಸಬೇಕಾಗುವುದು ಹೆಚ್ಚಾಗಿ ಬೇರೊಂದು ಕಾರಣಕ್ಕೆ, ಅದು ಹುಟ್ಟುವ ಹೊತ್ತಿನಲ್ಲಿ ಆದ ಪೆಟ್ಟು. ಕತ್ತಿನಿಂದ ತೋಳಿಗೆ ಐದು ನರಗಳು ಇಳಿದು, ಹೆಣೆದುಕೊಂಡು, ಕೈಗೆ ಹೋಗುತ್ತವೆ. ಮಗು ದಪ್ಪವಾಗಿದ್ದು, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡರೆ ಆ ನರಗಳು ಎಳೆದಂತಾಗುತ್ತವೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದಾಗ ಮಗು ದಪ್ಪವಾಗುವ ಸಂಭವ ಜಾಸ್ತಿ, ಆದ್ದರಿಂದ ಈ ಅಪಾಯವೂ ಜಾಸ್ತಿ. ಸುಮಾರು ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಹೀಗಾಗುತ್ತದೆ. ಹೆರಿಗೆ ಮಾಡಿಸಿದವರು ಎಷ್ಟು ಎಚ್ಚರದಿಂದಿದ್ದರೂ ಇದು ಆಗಬಹುದು. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಅದಕ್ಕೇ ಹೀಗಾಯಿತು ಎಂದು ಸೊಸೆಯನ್ನು ಬೈಯುವ ಮನೆಗಳನ್ನು ನಾನು ಕಂಡಿದ್ದೇನೆ.

ಇದಕ್ಕೆ ಎರ್ಬ್ ಪಾಲ್ಸಿ ಎಂಬ ಹೆಸರಿದೆ. ಜರ್ಮನಿಯ ವೈದ್ಯ ವಿಲ್ಹೆಲ್ಮ್ ಎರ್ಬ್ 1874ರಲ್ಲಿ ಇದನ್ನು ವಿವರಿಸಿದರು. ಅವರಿಗಿಂತ ಸ್ವಲ್ಪ ಮೊದಲೇ ಫ್ರಾನ್ಸಿನ ಡುಶೆನ್ ಇದನ್ನು ಗುರುತಿಸಿದ್ದರು. ತೋಳು ಮೈಗೆ ಅಂಟಿಕೊಂಡು ಇಳಿಬಿದ್ದಿರುತ್ತದೆ, ಅಂಗೈ ಹಿಂದಕ್ಕೆ ತಿರುಗಿರುತ್ತದೆ. ಹಿಂದಿನಿಂದ ಗುಟ್ಟಾಗಿ ಕಾಸು ಈಸಿಕೊಳ್ಳುವವನ ಕೈ ಹೇಗಿರುತ್ತದೋ ಹಾಗೆ. ವೈದ್ಯ ವಿದ್ಯಾರ್ಥಿಗಳಿಗೆ ಇದನ್ನು ‘ಪೊಲೀಸ್ ಟಿಪ್’ ಎಂದೇ ಹೇಳಿಕೊಡುತ್ತಾರೆ. ಸಭೆಯಲ್ಲಿ ಪೊಲೀಸ್ ಇಲಾಖೆಯವರಿದ್ದರೆ ಕ್ಷಮಿಸಬೇಕು, ಹೆಸರಿಟ್ಟವನು ನಾನಲ್ಲ.

ಒಳ್ಳೆಯ ಸುದ್ದಿ ಏನೆಂದರೆ, ಇಂಥ ಮಕ್ಕಳಲ್ಲಿ ಹೆಚ್ಚಿನವರು ಮೊದಲ ಕೆಲವು ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಉಳಿದವರಲ್ಲಿ ಕೈಯನ್ನು ಒಳಕ್ಕೆ ತಿರುಗಿಸುವ ಸ್ನಾಯುಗಳು ಬಲವಾಗಿ, ಹೊರಕ್ಕೆ ತಿರುಗಿಸುವವು ಸೋತಿರುತ್ತವೆ. ಒಂದು ಎತ್ತು ಎಳೆದು ಇನ್ನೊಂದು ನಿಂತರೆ ಬಂಡಿ ಒಂದೇ ಕಡೆಗೆ ತಿರುಗುತ್ತದಲ್ಲ, ಹಾಗೆ ಭುಜ ಒಳಕ್ಕೇ ತಿರುಗಿ ಬಿಗಿದುಕೊಳ್ಳುತ್ತದೆ. ಮಗು ಬೆಳೆದಂತೆ ತೋಳಿನ ಎಲುಬಿನ ಗುಂಡು ಮೆಲ್ಲಗೆ ಕೀಲಿನ ಹಿಂದಕ್ಕೆ ಸರಿಯತೊಡಗುತ್ತದೆ. ಆಗ ತುತ್ತು ಬಾಯಿಗೆ ಹೋಗಬೇಕಾದರೆ ಮೊಳಕೈ ಕಿವಿಯ ಮಟ್ಟಕ್ಕೆ ಏಳಬೇಕು. ಕಹಳೆ ಊದುವವನ ಭಂಗಿ ನೆನೆಸಿಕೊಳ್ಳಿ. ಪಕ್ಕದಲ್ಲಿ ಕೂತ ಮಗು ಮೊಳಕೈ ತಾಗಿತೆಂದು ದೂರು ಹೇಳುತ್ತದೆ. ಶಾಲೆಯಲ್ಲಿ ಕೈ ಎತ್ತಲಾಗುವುದಿಲ್ಲ. ಹೆಣ್ಣುಮಗುವಾದರೆ ತನ್ನ ಜಡೆ ತಾನು ಹಾಕಿಕೊಳ್ಳಲಾಗುವುದಿಲ್ಲ. ಕೇಳುವವರಿಗೆ ಇವು ಸಣ್ಣ ಸಂಗತಿಗಳು. ದಿನಾ ಅನುಭವಿಸುವ ಮಗುವಿಗೆ ಸಣ್ಣವಲ್ಲ.

ಸರ್ಜನ್ ಮಾಡುವುದೇನು? ಬಿಗಿದ ಸ್ನಾಯುವನ್ನು ಸಡಿಲಿಸುತ್ತಾರೆ. ಸರಿದ ಗುಂಡನ್ನು ಕೀಲಿಗೆ ಕೂರಿಸುತ್ತಾರೆ. ಬೆನ್ನಿನ ಬದಿಯಿಂದ ಒಂದೋ ಎರಡೋ ಸ್ನಾಯುಗಳ ತುದಿ ಬಿಡಿಸಿ, ಕೈಯನ್ನು ಹೊರಕ್ಕೆ ತಿರುಗಿಸುವ ಜಾಗಕ್ಕೆ ತಂದು ಹೊಲಿಯುತ್ತಾರೆ. ನಿಂತ ಎತ್ತಿನ ಬದಲಿಗೆ ಬೇರೊಂದು ಎತ್ತು ಕಟ್ಟಿದಂತೆ. ಈ ಹೊಲಿಗೆ ಹೊಸ ಜಾಗದಲ್ಲಿ ಅಂಟಿಕೊಂಡು ಗಟ್ಟಿಯಾಗಲು ವಾರಗಳು ಬೇಕು. ಆ ತನಕ ಮಗು ಕೈ ಅಲುಗಿಸಬಾರದು. ದೊಡ್ಡವರಾದರೆ ಬಟ್ಟೆಯ ಜೋಳಿಗೆಯಲ್ಲಿ ಕೈ ಹಾಕಿಕೊಂಡು ಇರಿ ಎನ್ನಬಹುದು. ಎರಡು ಮೂರು ವರ್ಷದ ಮಗುವಿಗೆ ಯಾರು ಹೇಳುತ್ತೀರಿ? ಸಂಜೆಯೊಳಗೆ ಜೋಳಿಗೆ ಕಿತ್ತು ಎಸೆದಿರುತ್ತದೆ. ಅದಕ್ಕೇ ಕಟ್ಟು.

ಈ ಕಟ್ಟಿಗೆ ಶೋಲ್ಡರ್ ಸ್ಪೈಕಾ ಎನ್ನುತ್ತೇವೆ. ಸ್ಪೈಕಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೆನೆ. ಪಟ್ಟಿಯನ್ನು ಭುಜದ ಮೇಲೆ ಅಡ್ಡಡ್ಡ ಸುತ್ತಿದಾಗ ಕಾಳು ಜೋಡಿಸಿದ ತೆನೆಯಂತೆ ಕಾಣುತ್ತದೆ, ಅದಕ್ಕೆ ಆ ಹೆಸರು. ಎದೆ ಹೊಟ್ಟೆಯ ಸುತ್ತ ಒಂದು ಕವಚ, ಅದರಿಂದ ಹೊರಟು ಭುಜ, ತೋಳು, ಮೊಳಕೈ, ಮಣಿಕಟ್ಟಿನವರೆಗೆ ಇನ್ನೊಂದು. ತೋಳು ಪಕ್ಕಕ್ಕೆ ಎತ್ತಿರುತ್ತದೆ, ಮೊಳಕೈ ಮಡಚಿರುತ್ತದೆ, ಅಂಗೈ ಮುಂದಕ್ಕೆ ನೋಡುತ್ತದೆ. ಅಮೆರಿಕದ ಕಡೆ ಇದನ್ನು ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಹೋಲಿಸುತ್ತಾರೆ. ನಮಗೆ ಅಷ್ಟು ದೂರ ಹೋಗುವುದು ಬೇಡ, ಇದು ನಮ್ಮ ದೇವರ ಅಭಯಹಸ್ತ. ತಾಯಂದಿರಿಗೆ ನಾನು ಹಾಗೆಯೇ ಹೇಳುವುದು. ‘ಆರು ವಾರ ನಿಮ್ಮ ಕೂಸು ಮನೆಮಂದಿಗೆಲ್ಲ ಆಶೀರ್ವಾದ ಮಾಡಿಕೊಂಡು ಇರುತ್ತದೆ ತಾಯಿ’ ಅಂದರೆ ಅಳುವವರೂ ಒಂದು ಗಳಿಗೆ ನಗುತ್ತಾರೆ.

ಕಟ್ಟು ಹಾಕುವಾಗ ಮಗು ಇನ್ನೂ ಅರಿವಳಿಕೆಯಲ್ಲೇ ಇರುತ್ತದೆ. ಸರ್ಜನ್ ತಾವೇ ಕೈಯನ್ನು ಆ ಕೋನದಲ್ಲಿ ಹಿಡಿದಿರುತ್ತಾರೆ, ಅದು ಒಂದಿಷ್ಟೂ ಜಾರಬಾರದು. ಮೊದಲು ಬನಿಯನ್ ಬಟ್ಟೆಯಂಥ ಒಂದು ಕೊಳವೆ ತೊಡಿಸುತ್ತೇನೆ. ಹೊಟ್ಟೆಯ ಮೇಲೆ ಮಡಚಿದ ಟವಲ್ ಇಡುತ್ತೇನೆ. ಅದರ ಮೇಲೆ ಹತ್ತಿಯ ಸುತ್ತು. ಮೊಳಕೈ ತುದಿ, ಮಣಿಕಟ್ಟು, ಬೆನ್ನಿನ ರೆಕ್ಕೆ ಎಲುಬು, ಸೊಂಟದ ಏಣು ಇವೆಲ್ಲ ಮಕ್ಕಳಿಗೆ ಚರ್ಮದ ಕೆಳಗೇ ಇರುತ್ತವೆ. ಅಲ್ಲಿ ಹತ್ತಿ ಕಡಿಮೆಯಾದರೆ ಹುಣ್ಣು. ಎಲ್ಲ ಕಡೆ ಹತ್ತಿ ಜಾಸ್ತಿಯಾದರೆ ಕಟ್ಟು ಸಡಿಲ, ಕೈ ಒಳಗೇ ಜಾರುತ್ತದೆ. ಈ ಎರಡರ ನಡುವಿನ ಅಳತೆ ಪುಸ್ತಕದಲ್ಲಿ ಸಿಗುವುದಿಲ್ಲ, ಬೆರಳಿಗೆ ಬರಬೇಕು. ಆಮೇಲೆ ಪಟ್ಟಿ. ಕವಚದ ಭಾರ ಸೊಂಟದ ಎಲುಬಿನ ಮೇಲೆ ಕೂರಬೇಕು, ಎಳೆಯ ಭುಜದ ಮೇಲೆ ಅಲ್ಲ. ಎತ್ತಿದ ಕೈಗೂ ಸೊಂಟದ ಕವಚಕ್ಕೂ ನಡುವೆ ಒಂದು ಊರೆ ಕೊಡುತ್ತೇವೆ. ಎಲ್ಲ ಗಟ್ಟಿಯಾದ ಮೇಲೆ ಹೊಟ್ಟೆಯ ಮೇಲಿನ ಟವಲ್ ಎಳೆದು ತೆಗೆಯುತ್ತೇನೆ. ಆ ಖಾಲಿ ಜಾಗ ಮಗು ಉಸಿರಾಡಲು, ಉಂಡ ಹೊಟ್ಟೆ ಹಿಗ್ಗಲು. ಎದ್ದ ಮೇಲೆ ಮಗು ಹೊಟ್ಟೆ ತುಂಬ ಉಣ್ಣಬೇಕಲ್ಲ, ಆ ಲೆಕ್ಕ ಅದು ನಿದ್ದೆಯಲ್ಲಿದ್ದಾಗಲೇ ಹಾಕಬೇಕು.

ಹಿಟ್ಟಲ್ಲ, ಸಿಮೆಂಟಲ್ಲ ಎಂದೆನಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಜಿಪ್ಸಂ ಕಲ್ಲನ್ನು ಕಾಯಿಸಿ, ಅದರೊಳಗಿನ ನೀರನ್ನು ಬಹುಪಾಲು ಓಡಿಸಿ ಮಾಡಿದ ಪುಡಿ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಆ ಕಲ್ಲು ಹೇರಳವಾಗಿತ್ತು, ಅದಕ್ಕೇ ಆ ಹೆಸರು. ಮತ್ತೆ ನೀರು ಸೋಕಿಸಿದರೆ ಅದು ಕಲ್ಲಾಗಲು ಹೊರಡುತ್ತದೆ, ಆಗ ಬಿಸಿ ಹುಟ್ಟುತ್ತದೆ. ಹಾಲೆಂಡಿನ ಸೇನಾ ವೈದ್ಯ ಆಂಟೋನಿಯಸ್ ಮಥೈಸನ್ 1850ರ ದಶಕದ ಆರಂಭದಲ್ಲಿ ಈ ಪುಡಿಯನ್ನು ಬಟ್ಟೆಯ ಪಟ್ಟಿಗೆ ತಿಕ್ಕಿ, ಒದ್ದೆ ಮಾಡಿ ಸುತ್ತುವ ವಿಧಾನ ತಂದರು. ಆ ಕ್ರಮ ಇಂದಿಗೂ ನಡೆದಿದೆ. ನಾವು ಉಗುರುಬೆಚ್ಚಗಿನ ನೀರಿಗಿಂತ ಬಿಸಿ ನೀರು ಬಳಸುವುದಿಲ್ಲ. ನೀರು ಬಿಸಿಯಿದ್ದಷ್ಟೂ ಪಟ್ಟಿ ಬೇಗ ಗಟ್ಟಿಯಾಗುತ್ತದೆ, ಕಾವೂ ಹೆಚ್ಚು. ಎಳೆಯ ಚರ್ಮ ಸುಡಬಹುದು. ನಿದ್ದೆಯಲ್ಲಿರುವ ಮಗು ಅಳಲಾರದು, ಅದರ ಪರವಾಗಿ ನಮ್ಮ ಅಂಗೈಯೇ ಬಿಸಿ ನೋಡಬೇಕು.

ಈಗ ಫೈಬರ್‌ಗ್ಲಾಸ್ ಪಟ್ಟಿ ಬಂದಿದೆ. ಅದು ಹಗುರ, ಬೇಗ ಗಟ್ಟಿಯಾಗುತ್ತದೆ, ಎಕ್ಸ್‌ರೇಯಲ್ಲಿ ಒಳಗಿನ ಎಲುಬು ಸ್ಪಷ್ಟವಾಗಿ ಕಾಣುತ್ತದೆ. ಪ್ಲಾಸ್ಟರ್ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು, ಇದಕ್ಕೆ ಒಂದು ಗಂಟೆಯೂ ಬೇಡ. ಬೆಲೆ ಮಾತ್ರ ಹಲವು ಪಟ್ಟು. ದೊಡ್ಡವರ ಮುಂಗೈಗಾದರೆ ನಾನೇ ಪ್ಲಾಸ್ಟರ್ ಸಾಕು ಎನ್ನುತ್ತೇನೆ. ಹನ್ನೆರಡು ಹದಿಮೂರು ಕಿಲೋ ತೂಗುವ ಮಗು ಮೈಮೇಲೆ ಕವಚ ಹೊತ್ತು ಆರು ವಾರ ನಡೆಯಬೇಕು, ಮಲಗಬೇಕು. ಅಲ್ಲಿ ಪಟ್ಟಿಯ ಒಂದೊಂದು ಗ್ರಾಂ ಭಾರವೂ ಲೆಕ್ಕಕ್ಕೆ ಬರುತ್ತದೆ. ಕೊಪ್ಪಳ ಕಡೆಯ ಒಬ್ಬ ತಾಯಿ ಕೇಳಿದ್ದರು: ‘ಅಣ್ಣಾರ, ಇಷ್ಟು ಭಾರ ಹೊತ್ತು ಕೂಸು ಹೆಂಗ ಮಲಗತೈತಿ?’ ಅವರ ಪ್ರಶ್ನೆ ನ್ಯಾಯವಾದದ್ದು. ಅಂದು ಫೈಬರ್ ರೋಲಿನ ಹಣ ಅವರ ಕೈಲಿರಲಿಲ್ಲ.

ಇಷ್ಟು ಆಸ್ಪತ್ರೆಯೊಳಗಿನ ಮಾತು. ಎರಡು ಮೂರು ದಿನದಲ್ಲಿ ಮಗುವನ್ನು ಮನೆಗೆ ಕಳಿಸುತ್ತಾರೆ. ನಿಜವಾದ ವಾರ್ಡು ಅಲ್ಲಿ, ನಿಜವಾದ ನರ್ಸು ತಾಯಿ.

ಮೊದಲ ಎರಡು ದಿನ ಬೆರಳು ನೋಡುತ್ತಿರಬೇಕು. ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು ಎರಡು ಸೆಕೆಂಡಿನಲ್ಲಿ ಕೆಂಪಾಗಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಊದಿಕೊಂಡರೆ, ಮಗು ಸಮಾಧಾನವಿಲ್ಲದೆ ಒಂದೇ ಸಮ ಅತ್ತರೆ, ‘ಕಟ್ಟು ಹೊಸದು, ಅಳುತ್ತದೆ ಬಿಡು’ ಎನ್ನಬಾರದು. ಮಧ್ಯರಾತ್ರಿಯಾದರೂ ಕರೆತರಬೇಕು. ಕಟ್ಟು ಬಿಗಿಯಾಗಿ ರಕ್ತ ಓಡದಿದ್ದರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಕಟ್ಟು ಸೀಳಿ ಸಡಿಲಿಸುವುದು ನಮಗೆ ಕೆಲವೇ ನಿಮಿಷದ ಕೆಲಸ.

ಒಳಗೆ ಕೆರೆತ ಬರುತ್ತದೆ. ಪೊರಕೆ ಕಡ್ಡಿ, ಬಾಲ್‌ಪೆನ್ನು, ಸ್ಕೇಲು ಯಾವುದನ್ನೂ ತೂರಿಸಬಾರದು. ಗೀರಾದರೆ ಒಳಗೇ ಕೀವು. ಪೌಡರ್, ಕೊಬ್ಬರಿ ಎಣ್ಣೆ ಸುರಿಯಬಾರದು. ಉಣ್ಣಿಸುವಾಗ ಕತ್ತಿನ ಸುತ್ತ ಬಟ್ಟೆ ಕಟ್ಟಬೇಕು. ಕಟ್ಟು ಬಿಚ್ಚುವಾಗ ನನಗೆ ಸಿಕ್ಕಿರುವ ವಸ್ತುಗಳ ಪಟ್ಟಿ ಹೇಳಿದರೆ ನಗುತ್ತೀರಿ: ಕಡಲೆಬೀಜ, ಚಿಲ್ಲರೆ ಕಾಸು, ಗೋಲಿ, ಕಿವಿಯ ಓಲೆ, ಒಮ್ಮೆ ಅರ್ಧ ಚಕ್ಕುಲಿ. ಮಗುವಿನ ಬೆನ್ನಿಗೆ ಒತ್ತಿಕೊಂಡ ಒಂದು ಕಡಲೆಬೀಜ ಆರು ವಾರದಲ್ಲಿ ಹುಣ್ಣು ಮಾಡಬಲ್ಲದು. ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಕೈಗೂ ಸೊಂಟಕ್ಕೂ ನಡುವಿನ ಊರೆ ಹಿಡಿದು ಮಗುವನ್ನು ಎತ್ತಬಾರದು, ನೋಡಿದವರಿಗೆಲ್ಲ ಅದು ಹಿಡಿಕೆಯಂತೆ ಕಾಣುತ್ತದೆ. ಹಿಡಿಕೆ ಅಲ್ಲ, ಅದು ಮುರಿದರೆ ಇಡೀ ಕಟ್ಟು ಹೋಯಿತು. ಇನ್ನು ಆ ಕೈ ಬಾಗಿಲ ಚೌಕಟ್ಟಿಗೆ ತಾಗುತ್ತದೆ, ಮಗು ತೂಕ ತಪ್ಪಿ ಬೀಳುತ್ತದೆ. ಮೊದಲ ವಾರಗಳಲ್ಲಿ ಒಬ್ಬರು ಸದಾ ಜೊತೆಗಿರಲೇಬೇಕು.

ಈಗ ನಮ್ಮ ಸೀಮೆಯ ಬೇಸಿಗೆ ನೆನೆಸಿಕೊಳ್ಳಿ. 40 ಡಿಗ್ರಿ ದಾಟಿದ ಮಧ್ಯಾಹ್ನ. ತಗಡಿನ ಶೆಡ್ಡು. ಒಂದು ಫ್ಯಾನು, ಅದೂ ಕರೆಂಟು ಇದ್ದರೆ. ಬೆವರು ಕಟ್ಟಿನೊಳಗೆ ಇಳಿಯುತ್ತದೆ, ನೆಂದ ಹತ್ತಿ ವಾಸನೆ ಬರುತ್ತದೆ. ಅರ್ಜಿಯ ಕಾಲಂ ತುಂಬುವಾಗ ಈ ತಗಡಿನ ಶೆಡ್ಡು ನಮ್ಮ ಕಣ್ಣ ಮುಂದೆ ಇರುವುದಿಲ್ಲ.

ಎರಡು ಮಕ್ಕಳ ಸಂಗತಿ ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ಇಬ್ಬರಿಗೂ ಒಂದೇ ಥರದ ತೊಂದರೆ, ಒಬ್ಬರೇ ಸರ್ಜನ್, ಕೆಲವೇ ತಿಂಗಳ ಅಂತರ, ಕಟ್ಟು ಹಾಕಿದವನೂ ನಾನೇ. ಮೊದಲ ಮಗುವಿನ ಅಜ್ಜಿ ಊರಿನಿಂದ ಬಂದು ಆರು ತಿಂಗಳು ಇಲ್ಲೇ ಉಳಿದರು. ಹೇಳಿದ ದಿನ ಕಟ್ಟು ಬಿಚ್ಚಿಸಿದರು, ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ತಂದರು. ಆ ಹುಡುಗ ಈಗ ಕೈ ತಲೆಯ ಹಿಂದಕ್ಕೆ ಒಯ್ಯುತ್ತಾನೆ, ತನ್ನ ಕ್ರಾಪು ತಾನೇ ತೀಡಿಕೊಳ್ಳುತ್ತಾನೆ.

ಎರಡನೆಯ ಮಗುವಿನ ತಂದೆ ಕಟ್ಟಡ ಕೆಲಸದ ಮೇಸ್ತ್ರಿಯ ಕೈಕೆಳಗೆ ಇದ್ದವರು. ಇಲ್ಲಿ ಕೆಲಸ ಮುಗಿದು ತಂಡ ಬೇರೆ ಜಿಲ್ಲೆಗೆ ಹೋಯಿತು. ಆರನೆಯ ವಾರ ಬರಬೇಕಾದ ಮಗು ಬಂದದ್ದು ಹನ್ನೊಂದನೆಯ ವಾರ. ಬಸ್ಸಿನ ಹಣ ಕೂಡಲಿಲ್ಲ, ಮೇಸ್ತ್ರಿ ರಜೆ ಕೊಡಲಿಲ್ಲ. ಕಟ್ಟು ಬಿಚ್ಚಿದಾಗ ಕೀಲು ಬಿಗಿದು ನಿಂತಿತ್ತು. ಎತ್ತಿದ ಕೈ ಇಳಿಯಲೊಲ್ಲದು. ಆಮೇಲೆ ವ್ಯಾಯಾಮಕ್ಕೆ ಅವರು ಎರಡು ಸಲ ಬಂದರು, ಮೂರನೆಯ ಸಲ ಬರಲಿಲ್ಲ. ಆ ಆಪರೇಷನ್ನಿಗೆ ಯಾರೋ ಪುಣ್ಯಾತ್ಮರು ಪೂರ್ತಿ ಹಣ ಕೊಟ್ಟಿದ್ದರು. ಕೊಟ್ಟವರ ಮನಸ್ಸಿನಲ್ಲಿ ಮಗುವಿಗೆ ಗುಣವಾಗಿದೆ. ನನಗೆ ಮಾತ್ರ ಆ ಕೈ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ತಂದೆತಾಯಿಯನ್ನು ಬೇಜವಾಬ್ದಾರಿ ಎನ್ನಬೇಡಿ. ಅವರು ಮಗುವಿಗಾಗಿ ಕೂಲಿ ಬಿಟ್ಟಿದ್ದರೆ ಉಳಿದ ಇಬ್ಬರು ಮಕ್ಕಳಿಗೆ ಊಟ ಇರುತ್ತಿರಲಿಲ್ಲ.

ಕಟ್ಟು ಬಿಚ್ಚುವುದೂ ಒಂದು ದೊಡ್ಡ ಅಧ್ಯಾಯ. ಗರಗಸದ ಸದ್ದು ಕೇಳಿದ ಕೂಡಲೇ ಮಕ್ಕಳು ಕಿರುಚುತ್ತಾರೆ. ಅಮೆರಿಕದ ಡಾ. ಹೋಮರ್ ಸ್ಟ್ರೈಕರ್ 1940ರ ದಶಕದಲ್ಲಿ ರೂಪಿಸಿದ ಈ ಗರಗಸ ಗಿರಗಿರ ತಿರುಗುವುದಿಲ್ಲ, ಅತ್ತಿತ್ತ ಸಣ್ಣಗೆ ನಡುಗುತ್ತದೆ. ಗಟ್ಟಿ ವಸ್ತುವನ್ನು ಕೊಯ್ಯುತ್ತದೆ, ಮೆತ್ತಗಿನ ಚರ್ಮ ಅದರ ಜೊತೆಗೇ ಅಲುಗಿ ತಪ್ಪಿಸಿಕೊಳ್ಳುತ್ತದೆ. ಹಾಗೆಂದು ಅಸಡ್ಡೆ ಮಾಡುವಂತಿಲ್ಲ, ಅಲಗು ಕಾದರೆ ಸುಡುತ್ತದೆ. ನಾನು ಮೊದಲು ನನ್ನ ಅಂಗೈಗೆ ಮುಟ್ಟಿಸಿ ತೋರಿಸುತ್ತೇನೆ, ಆಮೇಲೆ ಮಗುವಿನ ಗೊಂಬೆಗೆ, ಆಮೇಲೆ ಕಟ್ಟಿಗೆ. ಒಳಗಿನ ಕೈ ಸಣಕಲಾಗಿ, ಚರ್ಮ ಹೊಪ್ಪಳೆ ಎದ್ದಿರುತ್ತದೆ. ತಾಯಂದಿರು ಹೆದರುತ್ತಾರೆ. ಹೆದರಬೇಕಿಲ್ಲ, ಕೆಲವು ದಿನದಲ್ಲಿ ಚರ್ಮ ಸರಿಹೋಗುತ್ತದೆ.

ಹೆದರಬೇಕಾದದ್ದು ಸುಮ್ಮನೆ ಕೂರುವುದಕ್ಕೆ. ಬೆನ್ನಿನಿಂದ ತಂದ ಸ್ನಾಯುವಿಗೆ ತನ್ನ ಹೊಸ ಕೆಲಸ ಗೊತ್ತಿಲ್ಲ, ಅದನ್ನು ಕಲಿಸಬೇಕು. ರಾತ್ರಿ ಹೊತ್ತು ಹಾಕಲು ಒಂದು ಸ್ಪ್ಲಿಂಟ್ ಬೇಕು. ಹಗಲು ವ್ಯಾಯಾಮ. ಚಿಕ್ಕ ಮಕ್ಕಳಿಗೆ ವ್ಯಾಯಾಮ ಎಂದರೆ ಆಟ: ಗೋಡೆಯ ಮೇಲೆ ಎತ್ತರದಲ್ಲಿ ಚಿತ್ರ ಬರೆಸುವುದು, ಚೆಂಡು ತಲೆಯ ಮೇಲಿಂದ ಎಸೆಸುವುದು, ಕನ್ನಡಿಯ ಮುಂದೆ ಬಾಚಣಿಗೆ ಕೊಡುವುದು, ಕೈ ತಿರುಗಿಸಿ ತಾರಮ್ಮಯ್ಯ ಆಡಿಸುವುದು. ನಮ್ಮ ಅಜ್ಜಿಯರ ಆಟಗಳಲ್ಲಿ ಎಷ್ಟೋ ಒಳ್ಳೆಯ ಫಿಸಿಯೋಥೆರಪಿ ಇದೆ. ಆದರೆ ಯಾವುದು ಯಾವಾಗ, ಎಷ್ಟು ಎಂಬುದನ್ನು ಕಲಿತ ಥೆರಪಿಸ್ಟೇ ಹೇಳಬೇಕು.

ಈ ಪಾಠ ಹೊಸದಲ್ಲ. ನಮ್ಮ ಪಕ್ಕದ ವೆಲ್ಲೂರಿನಲ್ಲಿ 1940ರ ದಶಕದ ಕೊನೆಯಲ್ಲಿ ಡಾ. ಪಾಲ್ ಬ್ರಾಂಡ್ ಅವರು ಕುಷ್ಠದಿಂದ ಮಡಚಿಹೋದ ಕೈಗಳಿಗೆ ಇದೇ ರೀತಿ ಸ್ನಾಯುಗಳ ಜಾಗ ಬದಲಿಸುವ ಆಪರೇಷನ್ ಶುರು ಮಾಡಿದರು. ಬೆರಳು ಬಿಚ್ಚಿಕೊಂಡರೆ ಸಾಲದು, ಆ ಕೈಗೆ ಕೆಲಸ ಕಲಿಸಬೇಕು ಎಂದು ಅವರು ಕಂಡುಕೊಂಡರು. ಆಪರೇಷನ್ ಆದವರು ಉಳಿದು ಕಸುಬು ಕಲಿಯಲು ಅಲ್ಲೇ ಒಂದು ಕೇಂದ್ರ ತೆರೆದರು. ಅಷ್ಟು ದೊಡ್ಡ ಸರ್ಜನ್ನಿಗೇ ಕತ್ತಿಯೊಂದೇ ಸಾಕಾಗಲಿಲ್ಲ.

ಸರ್ಕಾರದ ಯೋಜನೆಗಳಿಲ್ಲವೇ ಎಂದು ಕೇಳುತ್ತೀರಿ. ಇವೆ, ಅವುಗಳಿಂದ ಲಕ್ಷಾಂತರ ಜನ ಬದುಕಿದ್ದಾರೆ. 2007ರಲ್ಲಿ ಬಂದ ಆರೋಗ್ಯಶ್ರೀ ಈಗ ಡಾ. ಎನ್.ಟಿ.ಆರ್. ವೈದ್ಯ ಸೇವೆ ಎಂಬ ಹೆಸರಿನಲ್ಲಿ ನಡೆದಿದೆ, ಅದು ಈ ರಾಜ್ಯದ ಕಾರ್ಡು ಇರುವವರಿಗೆ. ಕರ್ನಾಟಕದಿಂದ ದುಡಿಯಲು ಬಂದವರ ಕಾರ್ಡು ಊರಿನದು. 2018ರ ಆಯುಷ್ಮಾನ್ ಭಾರತ ಯೋಜನೆಯನ್ನು ಬೇರೆ ರಾಜ್ಯದಲ್ಲೂ ನಡೆಯುವಂತೆ ರೂಪಿಸಿದ್ದಾರೆ. ಅರ್ಹರಿದ್ದರೆ ಮೊದಲು ಅದನ್ನೇ ಹಿಡಿಯಬೇಕು. ಆದರೆ ಅದು ಆಸ್ಪತ್ರೆಯಿಂದ ಬಿಟ್ಟ ಮೇಲೆ 15 ದಿನದವರೆಗಿನ ವೆಚ್ಚ ನೋಡಿಕೊಳ್ಳುತ್ತದೆ. ನಮ್ಮ ಕಟ್ಟು ಮೈಮೇಲಿರುವುದು 42 ದಿನ. ಇಲ್ಲೇ ಮಂಗಳಗಿರಿಯಲ್ಲಿ ಏಮ್ಸ್ ಇದೆ. 2019ರಲ್ಲಿ ಹೊರರೋಗಿಗಳನ್ನು ನೋಡಲು ಶುರುವಾಗಿ, 2024ರ ಫೆಬ್ರವರಿ 25ರಂದು ಲೋಕಾರ್ಪಣೆಯಾಯಿತು. ಬಾಗಿಲಲ್ಲೇ ಅಂಥ ಸಂಸ್ಥೆ ಇರುವುದು ನಮ್ಮ ಭಾಗ್ಯ. ಆದರೂ ತಾಯಿಯ ಕೂಲಿಯನ್ನು, ಆಟೋ ಬಾಡಿಗೆಯನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಅದು ಸಮಾಜ ಕೊಡಬೇಕಾದದ್ದು, ಅಂದರೆ ನಾವು.

ಈ ಊರಿನ ಬೆಟ್ಟದ ಮೇಲಿನ ಪಾನಕಾಲ ನರಸಿಂಹಸ್ವಾಮಿಗೆ ನೀವೆಲ್ಲ ಪಾನಕ ಅರ್ಪಿಸಿದ್ದೀರಿ. ಸ್ವಾಮಿ ಅರ್ಧ ಸ್ವೀಕರಿಸಿ ಅರ್ಧ ಪ್ರಸಾದವಾಗಿ ನಮ್ಮ ಕೈಗೇ ಮರಳಿಸುತ್ತಾನೆ ಎಂಬ ನಂಬಿಕೆ. ನನಗೆ ಈ ಕೆಲಸವೂ ಹಾಗೇ ಕಾಣುತ್ತದೆ. ಅರ್ಧವನ್ನು ಆಸ್ಪತ್ರೆ ತೆಗೆದುಕೊಳ್ಳುತ್ತದೆ, ಉಳಿದರ್ಧವನ್ನು ಮನೆಯವರ ಕೈಗೆ ವಾಪಸು ಕೊಡುತ್ತದೆ. ಆ ಅರ್ಧವನ್ನು ಚೆಲ್ಲದಂತೆ ಮನೆಗೆ ಒಯ್ಯಲು ಅವರಿಗೆ ನೆರವು ಬೇಕು.

ಸಮಿತಿಯ ಮುಂದೆ ಈಗ ಒಂದು ಅರ್ಜಿ ಇದೆ. ಕೊಪ್ಪಳ ಜಿಲ್ಲೆಯ ದಂಪತಿ, ಇಬ್ಬರೂ ಕಟ್ಟಡ ಕೂಲಿಗಳು. ಮೂರು ವರ್ಷದ ಹೆಣ್ಣುಮಗು, ಬಲಗೈ. ಭುಜದ ಗುಂಡು ಹಿಂದಕ್ಕೆ ಸರಿಯತೊಡಗಿದೆ, ಬಹಳ ತಡ ಮಾಡುವಂತಿಲ್ಲ ಎಂದು ವೈದ್ಯರು ಬರೆದಿದ್ದಾರೆ. ವಯಸ್ಸು ಏರಿದಂತೆ ಕೀಲಿನ ಆಕಾರವೇ ಕೆಟ್ಟುಹೋಗುತ್ತದೆ, ಆಮೇಲೆ ಈ ಆಪರೇಷನ್ನಿಂದ ಸಿಗುವ ಫಲ ಕಡಿಮೆ. ಆಸ್ಪತ್ರೆಯ ಅಂದಾಜು ನಿಮ್ಮ ಕೈಲಿದೆ. ಅದರ ಕೆಳಗೆ ನಾನು ನನ್ನ ಲೆಕ್ಕ ಸೇರಿಸಿದ್ದೇನೆ.

ಒಂದು, ಪ್ಲಾಸ್ಟರ್ ಬದಲು ಫೈಬರ್‌ಗ್ಲಾಸ್ ರೋಲುಗಳು. ಎರಡು, ತಾಯಿಯ 42 ದಿನದ ಕೂಲಿ. ಇಂದು ದಿನಗೂಲಿ ಎಷ್ಟೆಂದು ನಿಮಗೆ ಗೊತ್ತು, ನೀವೇ ಗುಣಿಸಿ ನೋಡಿ. ಮೂರು, ರಾತ್ರಿಯ ಸ್ಪ್ಲಿಂಟ್. ಮಗು ಬೆಳೆದಾಗ ಅದು ಚಿಕ್ಕದಾಗುತ್ತದೆ, ಇನ್ನೊಂದು ಬೇಕಾಗುತ್ತದೆ. ನಾಲ್ಕು, ಮೊದಲ ಎರಡು ತಿಂಗಳು ವಾರಕ್ಕೆ ಮೂರು ಸಲದಂತೆ ಸುಮಾರು 25 ಬಾರಿ ವ್ಯಾಯಾಮಕ್ಕೆ ಹೋಗಿಬರುವ ಆಟೋ, ಬಸ್ಸಿನ ಖರ್ಚು. ಐದು, ಒಂದು ಟೇಬಲ್ ಫ್ಯಾನು. ಇದನ್ನು ಓದಿ ಸಮಿತಿಯಲ್ಲಿ ಒಬ್ಬರು ನಕ್ಕರು. ನಗಲಿ, ಆದರೆ ಪಟ್ಟಿಯಿಂದ ತೆಗೆಯಬೇಡಿ. ನಾನು ಕೇಳುವುದು ಈ ಒಂದು ಮಗುವಿಗೆ ಮಾತ್ರವಲ್ಲ. ನಮ್ಮ ಅರ್ಜಿಯಲ್ಲೇ ‘ಶಸ್ತ್ರಚಿಕಿತ್ಸೆಯ ನಂತರದ ಆರು ತಿಂಗಳು’ ಎಂಬ ಇನ್ನೊಂದು ಕಾಲಂ ಶಾಶ್ವತವಾಗಿ ಇರಲಿ.

ಹಣ ಕೊಡಲಾಗದವರೂ ಕೊಡಬಹುದಾದದ್ದಿದೆ. ವಾರಕ್ಕೊಂದು ದಿನ ನಿಮ್ಮ ಗಾಡಿಯಲ್ಲಿ ಮಗುವನ್ನು ವ್ಯಾಯಾಮಕ್ಕೆ ಕರೆದೊಯ್ಯಬಹುದು. ಬಳ್ಳಾರಿ, ಹೊಸಪೇಟೆ ಕಡೆಯಿಂದ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿಯುವ ಕುಟುಂಬಕ್ಕೆ ಒಂದು ರಾತ್ರಿ ಜಾಗ ಕೊಡಬಹುದು. ಆಸ್ಪತ್ರೆಯಲ್ಲಿ ತೆಲುಗು ಅರ್ಥವಾಗದ ತಾಯಿಯ ಪಕ್ಕ ನಿಂತು, ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳಬಹುದು. ‘ಬೆರಳು ನೀಲಿಯಾದರೆ ತಕ್ಷಣ ಬನ್ನಿ’ ಎಂಬ ಒಂದು ವಾಕ್ಯ ಅವರ ಭಾಷೆಯಲ್ಲಿ ಅವರಿಗೆ ತಲುಪಿದರೆ ಒಂದು ಕೈ ಉಳಿಯುತ್ತದೆ. ಮನೆಯಲ್ಲಿರುವ ಮುಂದೆ ಗುಂಡಿಯಿರುವ ದೊಗಲೆ ಅಂಗಿಗಳನ್ನೂ ಕೊಡಿ. ಕಟ್ಟು ಹಾಕಿದ ಮಗುವಿಗೆ ಬೇರೆ ಯಾವ ಅಂಗಿಯೂ ಹಿಡಿಸುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ, ಕೆಲಸದವರ ಮನೆಯಲ್ಲೋ ಹುಟ್ಟಿದ ಕೂಸು ಒಂದು ಕೈ ಆಡಿಸದಿದ್ದರೆ, ಉಳುಕಿದೆ, ಎಣ್ಣೆ ತಿಕ್ಕಿದರೆ ಹೋಗುತ್ತದೆ ಎಂದು ಕಾಯಬೇಡಿ. ಎಲುಬು ಕೂರಿಸಲು ಪುತ್ತೂರು ಕಟ್ಟಿಗೆ ಹೋಗುವವರ ನಂಬಿಕೆಯನ್ನು ನಾನು ಹೀಯಾಳಿಸುವವನಲ್ಲ. ಆದರೆ ಇದು ಎಲುಬಿನ ಮಾತಲ್ಲ, ನರದ ಮಾತು. ಮೊದಲ ತಿಂಗಳೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ. ಮೂರು ತಿಂಗಳಾದರೂ ಮೊಳಕೈ ಮಡಚದಿದ್ದರೆ, ನರದ ಆಪರೇಷನ್ ಬಲ್ಲ ದೊಡ್ಡ ಕೇಂದ್ರಕ್ಕೆ ಕರೆದೊಯ್ಯಿರಿ. ಆ ಆಪರೇಷನ್ನಿಗೆ ಮೊದಲ ವರ್ಷವೇ ಸಕಾಲ. ಹೊತ್ತಿಗೆ ಸರಿಯಾಗಿ ತೋರಿಸಿದ ಮಕ್ಕಳಲ್ಲಿ ಅನೇಕರಿಗೆ ನನ್ನ ಕಟ್ಟಿನ ಅಗತ್ಯವೇ ಬೀಳುವುದಿಲ್ಲ. ಅದಕ್ಕಿಂತ ಸಂತೋಷ ನನಗೆ ಇನ್ನೊಂದಿಲ್ಲ.

ನಿಧಿಗೆ ಹಣ ಕೊಡುವವರು ಕಾರ್ಯದರ್ಶಿಗಳ ಬಳಿ ರಸೀದಿ ಪಡೆಯಿರಿ. ಗಾಡಿ, ಜಾಗ, ಸಮಯ ಕೊಡುವವರು ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಯಿರಿ. ಆ ಹೆಣ್ಣುಮಗುವಿನ ಆಪರೇಷನ್ನಿಗೆ ದಿನ ಗೊತ್ತಾದ ಕೂಡಲೇ ಸಮಿತಿಯವರು ಫೋನು ಮಾಡುತ್ತಾರೆ. ಕಟ್ಟು ನಾನು ಹಾಕುತ್ತೇನೆ. ಅದನ್ನು ಆರು ವಾರ ಕಾಯುವ ಕೆಲಸದಲ್ಲಿ ಆ ತಾಯಿಯ ಜೊತೆ ನೀವು ಇರಬೇಕು.